ಬಿಸಾಕಿದ ಕಲ್ಲಲ್ಲೇ ಇದ್ದ 22 ಸಾವಿರ ವರ್ಷ

ನಮ್ಮದು ವಿಜಯಪುರದ ಕಡೆ ಎರೆ ಹೊಲ. ಬಾವಿ ತೋಡಿದಾಗಲೆಲ್ಲ ಸುಣ್ಣಕಲ್ಲು ಸಿಗುತ್ತಿತ್ತು. ಹಿಂದೆ ಅದನ್ನೇ ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರಂತೆ. ಆ ಕಲ್ಲನ್ನು ನೋಡಿ ಮಣ್ಣಿನ ವಯಸ್ಸು ಲೆಕ್ಕ ಹಾಕಬಹುದು ಅಂತ ನನಗೆ ಗೊತ್ತಾಗಿದ್ದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಓದುವಾಗ.

ಅಲ್ಲಿ ಲಾಸ್ ಕ್ರೂಸಸ್ ಊರಿನ ಸುತ್ತ ವರ್ಷಕ್ಕೆ 23 ಸೆಂ.ಮೀ. ಆಸುಪಾಸು ಮಳೆ. ಗಾಳಿ ತಂದ ದೂಳಿನಲ್ಲಿ, ಮಳೆ ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಇರುತ್ತದೆ. ನೀರು ಅದನ್ನು ಕರಗಿಸಿಕೊಂಡು ಒಂದಷ್ಟು ಆಳ ಇಳಿಯುತ್ತದೆ, ಅಲ್ಲೇ ಆರಿಹೋಗುತ್ತದೆ. ಸುಣ್ಣ ಉಳಿಯುತ್ತದೆ. ಜಾಸ್ತಿ ಮಳೆಯಾದರೆ ಅದು ತೊಳೆದು ಹೋಗುತ್ತಿತ್ತು.

1957ರಿಂದ 1972ರವರೆಗೆ ಅಲ್ಲಿ ಡೆಸರ್ಟ್ ಪ್ರಾಜೆಕ್ಟ್ ಅಂತ ಮರುಭೂಮಿ ಮಣ್ಣಿನ ಅಧ್ಯಯನ ನಡೆಯಿತು. ಅದರಲ್ಲಿದ್ದ ಲೀಲ್ಯಾಂಡ್ ಗೈಲ್ ಮತ್ತು ಜೊತೆಗಾರರು 1966ರಲ್ಲಿ ಸುಣ್ಣ ಕೂಡುವುದನ್ನು ನಾಲ್ಕು ಹಂತವಾಗಿ ವಿಂಗಡಿಸಿದರು. ಕಲ್ಲು ಜಾಸ್ತಿ ಇರುವ ಮಣ್ಣಲ್ಲಿ ಮೊದಲು ಹರಳುಗಳಿಗೆ ತೆಳು ಬಿಳಿ ಲೇಪ. ಆಮೇಲೆ ಲೇಪ ದಪ್ಪವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮೂರನೆಯದರಲ್ಲಿ ಸಂದುಗಳೆಲ್ಲ ಮುಚ್ಚಿ ಪದರ ಗಟ್ಟಿಯಾಗುತ್ತದೆ. ನಾಲ್ಕರಲ್ಲಿ ಅದರ ಮೇಲೆ ಹಾಳೆ ಹಾಸಿದ ಹಾಗೆ ಇನ್ನೊಂದು ಸುಣ್ಣದ ಪದರ. ಮುಂದೆ ಬೇರೆಯವರು ಐದು, ಆರನೇ ಹಂತಗಳನ್ನೂ ಸೇರಿಸಿದರು.

ಹಂತ ನೋಡಿದರೆ ವಯಸ್ಸಿನ ಅಂದಾಜು ಸಿಗುತ್ತದೆ. ಅಂಕಿ ಬೇಕಾದರೆ ತೂಕ ಹಾಕಬೇಕು. ಆರ್ಗನ್ ಬೆಟ್ಟಗಳ ಬುಡದಲ್ಲಿ ನಾವು ಒಂದೂವರೆ ಮೀಟರ್ ಗುಂಡಿ ತೋಡಿದೆವು. ಕೆಳಗಿನ ಪದರಕ್ಕೆ ಪಿಕಾಸಿ ಬಡಿದರೆ ಟಣ್ ಅನ್ನುತ್ತಿತ್ತು. ಪ್ರತಿ ಪದರದಿಂದ ಹೆಂಟೆ ತಂದು, ಮೇಣ ಬಳಿದು, ನೀರಲ್ಲಿ ಮುಳುಗಿಸಿ ಸಾಂದ್ರತೆ ತೆಗೆದೆ. ಮಣ್ಣಿಗೆ ಆಸಿಡ್ ಹಾಕಿ, ಹೊರಡುವ ಗ್ಯಾಸ್ ಅಳೆದು ಸುಣ್ಣದ ಪಾಲು ಕಂಡುಕೊಂಡೆ.

ಲೆಕ್ಕ ಸುಲಭ. 20 ಸೆಂ.ಮೀ. ದಪ್ಪದ ಪದರ, ಸಾಂದ್ರತೆ ಘನ ಸೆಂಟಿಮೀಟರ್‌ಗೆ 1.5 ಗ್ರಾಂ, ಸುಣ್ಣ ಶೇ. 8, ಮೊದಲೇ ಇದ್ದದ್ದು ಶೇ. 1 ಅಂದುಕೊಳ್ಳಿ. ಆಗ ಒಂದು ಚದರ ಸೆಂಟಿಮೀಟರ್ ನೆಲದಡಿ 2.1 ಗ್ರಾಂ ಸುಣ್ಣ ಸೇರಿದೆ. ಎಲ್ಲ ಪದರ ಕೂಡಿ, ಸಾವಿರ ವರ್ಷಕ್ಕೆ ಕೂಡುವ ಸುಣ್ಣದಿಂದ ಭಾಗಿಸಬೇಕು. ವಯಸ್ಸು ಗೊತ್ತಿರುವ ನೆಲಗಳಿಂದ ಲಾಸ್ ಕ್ರೂಸಸ್‌ಗೆ ಸಿಕ್ಕಿರುವ ದರ ಸುಮಾರು 0.26 ಗ್ರಾಂ.

ನನ್ನ ಗುಂಡಿಯ ಮೊತ್ತ 3.4 ಗ್ರಾಂ ಬಂತು. ಅಂದರೆ 13 ಸಾವಿರ ವರ್ಷ. ಖುಷಿಯಾಗಿ ಬರೆದಿಟ್ಟೆ. ಆದರೆ ಪಿಕಾಸಿಯ ಆ ಸದ್ದು ತಲೆಯಲ್ಲೇ ಇತ್ತು. ಅಷ್ಟು ಗಟ್ಟಿ ಪದರ ಇಷ್ಟು ಬೇಗ ಆಗುತ್ತಾ?

ಎರಡು ದಿನ ಲೆಕ್ಕ ತಿರುವಿ ಹಾಕಿದೆ. ತಪ್ಪು ಇದ್ದದ್ದು ಜರಡಿಯಲ್ಲಿ. 2 ಮಿ.ಮೀ. ಜರಡಿ ಹಿಡಿದು, ಉಳಿದ ಕಲ್ಲನ್ನೆಲ್ಲ ಸುಮ್ನೆ ಬಿಸಾಕಿದ್ದೆ. ಅರ್ಧಕ್ಕಿಂತ ಜಾಸ್ತಿ ಸುಣ್ಣ ಆ ಕಲ್ಲುಗಳಿಗೇ ಮೆತ್ತಿಕೊಂಡಿತ್ತಲ್ಲ! ಬೆಳೆ ಬಿಟ್ಟು ಬರೀ ತಿಳಿ ಅಳೆದಂಗೆ ಆಯಿತು.

ಮತ್ತೆ ಹೋಗಿ, ಈ ಸಲ ಅಗಲವಾಗಿ ತೋಡಿ, ಕಲ್ಲಿನ ಸಮೇತ ಮಣ್ಣು ತೂಗಿ ತಂದೆ. ಕಲ್ಲುಗಳನ್ನು ತೆಳು ಆಸಿಡ್‌ನಲ್ಲಿ ನೆನೆಹಾಕಿ, ಗುಳ್ಳೆ ನಿಂತ ಮೇಲೆ ತೊಳೆದು, ಒಣಗಿಸಿ, ಎಷ್ಟು ತೂಕ ಇಳಿದಿದೆ ನೋಡಿದೆ. ಅಲ್ಲಿನ ಕಲ್ಲು ಗ್ರಾನೈಟ್ ಜಾತಿಯದು, ರಯೋಲೈಟ್ ಅನ್ನುವ ಜ್ವಾಲಾಮುಖಿ ಕಲ್ಲು ಕೂಡ ಇದೆ, ಎರಡೂ ಆ ಆಸಿಡ್‌ಗೆ ಕರಗಲ್ಲ. ಹಾಗಾಗಿ ಇದು ನಡೆಯಿತು. ಸುಣ್ಣದಕಲ್ಲಿನ ಬೆಟ್ಟದ ಕೆಳಗೆ ಮಾಡಿದ್ದರೆ ಕಲ್ಲೇ ಕರಗಿ ಹೋಗುತ್ತಿತ್ತು. ಕಲ್ಲಿಗೆ ಮೆತ್ತಿದ್ದು 5.7 ಗ್ರಾಂ. ಒಟ್ಟು 9.1, ಅಂದರೆ 35 ಸಾವಿರ ವರ್ಷ.

ಅದನ್ನೂ ಒಂದೇ ಅಂಕಿಯಾಗಿ ಬರೆಯಲಿಲ್ಲ. ಹಿಮಯುಗದಲ್ಲಿ ಮಳೆ, ದೂಳು ಎರಡೂ ಬೇರೆ ಥರ ಇದ್ದವು, ದರವೂ ಬೇರೆ ಇದ್ದಿರಬಹುದು. ಮೇಲ್ಮಣ್ಣು ಕೊಚ್ಚಿ ಹೋಗಿದ್ದರೆ ಮೊತ್ತ ಕಡಿಮೆ ಬರುತ್ತದೆ. ಹಾಗಾಗಿ 25ರಿಂದ 50 ಸಾವಿರ ಅಂತ ಬರೆದೆ.

ರಜೆಗೆ ಊರಿಗೆ ಬಂದಾಗ ನಮ್ಮ ಹೊಲದ ಸುಣ್ಣಕಲ್ಲು ಕೈಯಲ್ಲಿ ಹಿಡಿದು ಕಾಕಾ ಕೇಳಿದರು, "ಇದು ಎಷ್ಟ ವರ್ಷದ್ದೋ?" ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ತನ್ನನ್ನು ತಾನೇ ಕಲಸಿಕೊಳ್ಳುತ್ತದೆ, ಹಳೆ ಹರಳು ಹೊಸ ಹರಳು ಎಲ್ಲ ಬೆರೆತಿರುತ್ತದೆ, ಆ ಲೆಕ್ಕ ಇಲ್ಲಿ ನಡೆಯಲ್ಲ ಅಂದೆ. "ಅಷ್ಟ ದೂರ ಹೋಗಿ ಓದಿದ್ದು ಇದಕ್ಕ ಏನು?" ಅಂತ ನಕ್ಕು ಕಲ್ಲನ್ನು ಬದುವಿನ ಆಚೆ ಎಸೆದರು.