ಎಐ ಬಗ್ಗೆ ವೈದ್ಯ ಮತ್ತು ದಂತವೈದ್ಯ ವಿದ್ಯಾರ್ಥಿಗಳ ನಿಲುವು: ಸಮೀಕ್ಷೆ ನಡೆಸುವ ಬಗೆ

ಬೆಂಗಳೂರಿನ ವೈದ್ಯಕೀಯ ಅಥವಾ ದಂತವೈದ್ಯಕೀಯ ಕಾಲೇಜಿನಲ್ಲಿ ಓದುತ್ತ, ಆರೋಗ್ಯಸೇವೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಸಹಪಾಠಿಗಳು ಹೇಗೆ ಕಾಣುತ್ತಾರೆ ಎಂದು ಅಧ್ಯಯನ ಮಾಡಲು ಹೊರಟವರಿಗಾಗಿ ಈ ಬರಹ. ಕೆಲಸ ಸುಲಭವೆಂದೇ ತೋರುತ್ತದೆ: ಒಂದು ಗೂಗಲ್ ಫಾರ್ಮ್, ಇಪ್ಪತ್ತು ಪ್ರಶ್ನೆ, ತರಗತಿಯ ವಾಟ್ಸ್‌ಆ್ಯಪ್ ಗುಂಪು. ನಾನು ಮೊದಲ ಸಲ ಮಾಡಿದ್ದೂ ಹಾಗೆಯೇ. ‘ಎಐ ವೈದ್ಯಕೀಯಕ್ಕೆ ಉಪಯುಕ್ತ’ ಎಂಬ ಹೇಳಿಕೆಗೆ ಹೆಚ್ಚುಕಡಿಮೆ ಎಲ್ಲರೂ ‘ಒಪ್ಪುತ್ತೇನೆ’ ಎಂದು ಗುರುತು ಹಾಕಿದ್ದರು. ಅದರಿಂದ ನನಗೆ ತಿಳಿದದ್ದು ಏನೂ ಇರಲಿಲ್ಲ.

ಕಾರಣ ಸರಳವಾಗಿತ್ತು. ಎಐ ಎಂದೊಡನೆ ಒಬ್ಬಳ ಮನಸ್ಸಿಗೆ ಬಂದದ್ದು ವೈವಾದ ಹಿಂದಿನ ರಾತ್ರಿ ಚಾಟ್‌ಜಿಪಿಟಿಯಿಂದ ಬರೆಸಿಕೊಂಡ ಟಿಪ್ಪಣಿ, ಇನ್ನೊಬ್ಬನಿಗೆ ಬಂದದ್ದು ಎಕ್ಸ್‌ರೇ ಓದುವ ತಂತ್ರಾಂಶ. ಆದ್ದರಿಂದ ಪ್ರತಿಯೊಂದು ಪ್ರಶ್ನೆಯಲ್ಲೂ ಸಾಧನ ಯಾವುದು, ಅದು ಮಾಡುವ ಕೆಲಸವೇನು ಎಂಬುದನ್ನು ಹೇಳಿಬಿಡಿ. ಉದಾಹರಣೆಗೆ ಬರವಿಲ್ಲ. ಮಧುಮೇಹಿಗಳ ಅಕ್ಷಿಪಟಲದ ಚಿತ್ರ ನೋಡಿ ರೋಗ ಗುರುತಿಸುವ, ವೈದ್ಯರ ಓದಿಗಾಗಿ ಕಾಯದೆ ಫಲಿತಾಂಶ ನೀಡುವ ಸಾಧನವೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಅನುಮತಿ ಕೊಟ್ಟಿತು. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಹುಡುಕುವ ತಂತ್ರಾಂಶವನ್ನು 15 ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ಊರಿನಲ್ಲೇ ಹುಟ್ಟಿದ ಕಂಪನಿಗಳಲ್ಲಿ ಸಿಗ್‌ಟಪಲ್ ರಕ್ತದ ಸ್ಲೈಡ್‌ಗಳನ್ನೂ ನಿರಾಮಯ್ ಸ್ತನ ಕ್ಯಾನ್ಸರ್ ತಪಾಸಣೆಗೆ ಉಷ್ಣಚಿತ್ರಗಳನ್ನೂ ಯಂತ್ರದಿಂದ ಓದಿಸುವ ಪ್ರಯತ್ನ ಮಾಡಿವೆ. ದಂತವೈದ್ಯ ವಿದ್ಯಾರ್ಥಿಗಳಿಗೆ ಕೇಳುವಾಗ ಬೈಟ್‌ವಿಂಗ್ ಎಕ್ಸ್‌ರೇಯಲ್ಲಿ ಹುಳುಕು ಗುರುತಿಸುವುದು, ಹಲ್ಲು ನೇರ ಮಾಡುವ ಆರ್ಥೊಡಾಂಟಿಕ್ಸ್‌ಗಾಗಿ ಸೆಫಲೊಗ್ರಾಮ್ (ತಲೆಯ ಪಕ್ಕನೋಟದ ಎಕ್ಸ್‌ರೇ) ಮೇಲೆ ಅಳತೆಯ ಬಿಂದುಗಳನ್ನು ಹಾಕುವುದು ಮುಂತಾದವನ್ನೇ ಎತ್ತಿಕೊಳ್ಳಿ. ಆ ಬಿಂದುಗಳನ್ನು ಕೈಯಿಂದಲೇ ಗುರುತಿಸುತ್ತ ಗಂಟೆಗಟ್ಟಲೆ ಟ್ರೇಸಿಂಗ್ ಮಾಡಿ ಕಣ್ಣು ನೋಯಿಸಿಕೊಂಡವರಿಗೆ ಆ ಪ್ರಶ್ನೆ ತಮ್ಮದೆನಿಸುತ್ತದೆ.

ಇನ್ನು ತಿಳಿವಳಿಕೆ, ಬಳಕೆ, ಅಭಿಪ್ರಾಯ ಈ ಮೂರನ್ನು ಒಂದೇ ಚೀಲಕ್ಕೆ ತುಂಬಬೇಡಿ. ‘ಎಐ ನನಗೆ ಗೊತ್ತು’ ಎಂದು ಗುರುತು ಹಾಕಿಸಿಕೊಳ್ಳುವುದಕ್ಕಿಂತ, ‘ಒಂದೇ ಆಸ್ಪತ್ರೆಯ ಚಿತ್ರಗಳಿಂದ ಕಲಿತ ತಂತ್ರಾಂಶ ಬೇರೆ ಆಸ್ಪತ್ರೆಯಲ್ಲೂ ಅಷ್ಟೇ ನಿಖರವಾಗಿರುತ್ತದೆ: ಸರಿಯೋ ತಪ್ಪೋ?’ ಎಂದು ಕೇಳಿದರೆ ತಿಳಿವಳಿಕೆ ಎಷ್ಟೆಂದು ತಾನಾಗಿ ಹೊರಬೀಳುತ್ತದೆ. ‘ಎಐ ವೇಗವಾದದ್ದು ಮತ್ತು ಸುರಕ್ಷಿತವಾದದ್ದು’ ಎಂಬಂಥ ಜೋಡಿ ಹೇಳಿಕೆಯನ್ನು ಒಡೆಯಿರಿ, ಏಕೆಂದರೆ ವೇಗವನ್ನು ಒಪ್ಪಿ ಸುರಕ್ಷತೆಯನ್ನು ಒಪ್ಪದವರು ಎಲ್ಲಿ ಗುರುತು ಹಾಕಬೇಕು? ಉದ್ಯೋಗದ ಭಯವನ್ನು ಕೇಳುವಾಗಲೂ ಅಷ್ಟೇ ಎಚ್ಚರ ಬೇಕು. ಎಕ್ಸ್‌ರೇ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕೆಂದು ಎಐ ಸಂಶೋಧಕ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಈಗಲೂ ಆ ವಿಭಾಗಗಳು ತುಂಬಿಯೇ ಇವೆ. ‘ಎಐ ವೈದ್ಯರ ಕೆಲಸ ಕಸಿಯುತ್ತದೆಯೇ?’ ಎಂಬ ಪ್ರಶ್ನೆಗೆ ಬರುವುದು ಸುದ್ದಿಯ ಪ್ರತಿಧ್ವನಿ. ‘ಪಿಜಿಗೆ ರೇಡಿಯಾಲಜಿ ಆಯ್ದುಕೊಳ್ಳುವ ನಿಮ್ಮ ಯೋಚನೆಯನ್ನು ಇದು ಬದಲಿಸಿದೆಯೇ?’ ಎಂದು ಕೇಳಿದರೆ ಅವರವರ ಮಾತೇ ಸಿಗುತ್ತದೆ.

ನನ್ನ ಮಟ್ಟಿಗೆ ಹೆಚ್ಚು ತಿಳಿಸುವ ಪ್ರಶ್ನೆಗಳು ಹೊಣೆಗೆ ಸಂಬಂಧಿಸಿದವು. ಒಂದು ಸನ್ನಿವೇಶ ಕೊಡಿ: ತಂತ್ರಾಂಶ ‘ಏನೂ ಇಲ್ಲ’ ಎಂದಿದೆ, ನಿಮಗೆ ಅನುಮಾನವಿದೆ, ಹೊರಗೆ ಓಪಿಡಿಯ ಸಾಲು ಉದ್ದವಿದೆ, ಏನು ಮಾಡುತ್ತೀರಿ? ತಪ್ಪಾದರೆ ಉತ್ತರ ಕೊಡಬೇಕಾದವರು ಯಾರು: ನೀವೇ, ಯೂನಿಟ್ ಮುಖ್ಯಸ್ಥರೇ, ಆಸ್ಪತ್ರೆಯೇ, ತಂತ್ರಾಂಶ ಮಾರಿದವರೇ? ಮತ್ತೊಂದು ಪ್ರಶ್ನೆಗೆ ಖಾಲಿ ಜಾಗ ಬಿಡಿ: ಕೋಲಾರದಿಂದ ಬಂದ ಅಜ್ಜಿ ‘ಕಂಪ್ಯೂಟ್ರು ಹೇಳಿದ್ದು ಸರೀನಾ, ಡಾಕ್ಟ್ರೇ?’ ಎಂದು ಕೇಳಿದರೆ ಕನ್ನಡದಲ್ಲಿ ಏನೆಂದು ಉತ್ತರಿಸುತ್ತೀರಿ? ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಐದು ಹಂತದ ಲಿಕರ್ಟ್ ಮಾಪನದಲ್ಲಿ ಬಲು ಧೈರ್ಯ ತೋರಿದವರು ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ.

ಯಾರನ್ನು ಕೇಳುವುದೆಂಬುದನ್ನು ವರ್ಷದ ಲೆಕ್ಕದಲ್ಲಿ ನಿರ್ಧರಿಸಿ. ಎಂಬಿಬಿಎಸ್‌ನವರಿಗೆ ಎರಡನೇ ವರ್ಷದಲ್ಲೇ ವಾರ್ಡ್ ಪೋಸ್ಟಿಂಗ್ ಶುರುವಾಗುತ್ತದೆ. ಬಿಡಿಎಸ್‌ನವರು ಎರಡನೇ ವರ್ಷವಿಡೀ ಫ್ಯಾಂಟಮ್ ಹೆಡ್ (ಅಭ್ಯಾಸಕ್ಕಿಟ್ಟ ಕೃತಕ ತಲೆ) ಮೇಲೆ ಕೈ ಪಳಗಿಸಿಕೊಂಡು ಮೂರನೇ ವರ್ಷದಲ್ಲಿ ರೋಗಿಗಳ ಬಳಿ ಹೋಗುತ್ತಾರೆ. ಇಬ್ಬರ ಎರಡನೇ ವರ್ಷವನ್ನು ಹಾಗೆಯೇ ಹೋಲಿಸಿದರೆ ನೀವು ಅಳೆಯುವುದು ಕ್ಲಿನಿಕಲ್ ಅನುಭವದ ಅಂತರವನ್ನೇ ಹೊರತು ಶಾಖೆಯ ಅಂತರವನ್ನಲ್ಲ. ಸಂಖ್ಯೆಯ ವಿಷಯಕ್ಕೆ ಬಂದರೆ, ಅರ್ಧದಷ್ಟು (ಶೇ 50) ಮಂದಿ ಒಪ್ಪುತ್ತಾರೆಂಬ ಊಹೆ, ಶೇ 5ರ ದೋಷಮಿತಿ, ಶೇ 95ರ ವಿಶ್ವಾಸಮಟ್ಟ ಇಟ್ಟುಕೊಂಡಾಗ 384 ಮಂದಿ ಬೇಕು. ಒಟ್ಟು ವಿದ್ಯಾರ್ಥಿಗಳೇ 600 ಇದ್ದರೆ ಗುಂಪು ಚಿಕ್ಕದೆಂಬುದಕ್ಕೆ ಮಾಡುವ ತಿದ್ದುಪಡಿಯ ನಂತರ ಸುಮಾರು 235 ಸಾಕು. ಎರಡೂ ಶಾಖೆಗಳನ್ನು ಹೋಲಿಸುವ ಉದ್ದೇಶವಿದ್ದರೆ ಆ ಲೆಕ್ಕ ಬೇರೆ. ಸಂಖ್ಯಾಶಾಸ್ತ್ರ ಬಲ್ಲವರನ್ನು ಫಾರ್ಮ್ ಕಳಿಸುವ ಮೊದಲೇ ಕಾಣಿರಿ.

ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವವರೆಗೆ ಒಂದು ಉತ್ತರವನ್ನೂ ಪಡೆಯಬೇಡಿ. ಅಪಾಯವಿಲ್ಲದ ಪ್ರಶ್ನಾವಳಿಗೆ ವಿನಾಯಿತಿ ಸಿಗಬಹುದು, ಆದರೆ ಅದನ್ನು ನಿರ್ಧರಿಸುವವರು ಅವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯನ್ನೂ, ಎಐ ಕುರಿತೇ ಅದು 2023ರಲ್ಲಿ ಹೊರತಂದ ಮಾರ್ಗಸೂಚಿಯನ್ನೂ ಓದಿಕೊಂಡು ಹೋಗಿ. ಇಂಟರ್ನಲ್ಸ್ ಅಂಕ ಕೊಡುವ ಮೇಷ್ಟ್ರು ತರಗತಿಯಲ್ಲಿ ನಿಂತು ಫಾರ್ಮ್ ತುಂಬಿಸಿದರೆ ಅದು ಸ್ವಇಚ್ಛೆಯ ಉತ್ತರವಾಗದು. ಹೆಸರು, ರಿಜಿಸ್ಟರ್ ನಂಬರು, ಇಮೇಲ್ ಯಾವುದನ್ನೂ ಕೇಳಬೇಡಿ. ಪರೀಕ್ಷೆಯ ವಾರಗಳನ್ನು ಬಿಟ್ಟು ಕಳಿಸಿ.

ಒಪ್ಪಿಗೆ ಬಂದ ಮೇಲೆ, ಎಲ್ಲರಿಗೂ ಕಳಿಸುವ ಮೊದಲು ಇಪ್ಪತ್ತು ಮಂದಿಯಿಂದ ತುಂಬಿಸಿ, ಪಕ್ಕದಲ್ಲೇ ಕುಳಿತು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆಂದು ನೋಡಿ. ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂಬ ಅಳತೆ) 0.7 ದಾಟಿತೆಂಬ ಸಮಾಧಾನ ಆ ಗಂಟಿಗೆ ಉತ್ತರವಲ್ಲ. ಈ ಇಪ್ಪತ್ತು ಮಂದಿಯ ಉತ್ತರಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ.

ವರದಿ ಬರೆಯುವಾಗ ಎಷ್ಟು ಮಂದಿಗೆ ಕಳಿಸಿದಿರಿ, ಎಷ್ಟು ಮಂದಿ ಉತ್ತರಿಸಿದರು ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ, ಏಕೆಂದರೆ ಎಐ ಮೇಲೆ ಆಸಕ್ತಿ ಇದ್ದವರೇ ಹೆಚ್ಚಾಗಿ ಫಾರ್ಮ್ ತೆರೆಯುತ್ತಾರೆ. ಅಜ್ಜಿಯ ಪ್ರಶ್ನೆಗೆ ಬಂದ ಉತ್ತರಗಳನ್ನು ಇಂಗ್ಲಿಷಿಗೆ ತಿರುಗಿಸಿ ಸಂಖ್ಯೆಯಾಗಿಸುವ ಮುನ್ನ, ಕೆಲವನ್ನಾದರೂ ಕನ್ನಡದಲ್ಲಿ ಇದ್ದ ಹಾಗೆಯೇ ಅನುಬಂಧದಲ್ಲಿ ಪ್ರಶ್ನಾವಳಿಯ ಜೊತೆ ಕೊಡಿ.