ಸೆಕೆಗಾಲದ ಮುಖಕ್ಕೆ ಮನೆಯದೇ ಹೆಸರುಹಿಟ್ಟು

ನಮ್ಮ ಕಾಸರಗೋಡು ಕಡೆ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ, ಏಪ್ರಿಲ್ ತಿಂಗಳಲ್ಲಿ ಯಾರನ್ನು ಕೇಳಿದರೂ ‘ನನ್ನದು ಎಣ್ಣೆ ಚರ್ಮ’ ಅಂತಲೇ ಹೇಳುತ್ತಾರೆ. ಹಲವರ ಮುಖದಲ್ಲಿ ಹೊಳೆಯುವುದು ಬರೀ ಬೆವರು. ಅದನ್ನು ಎಣ್ಣೆ ಅಂದುಕೊಂಡು ಕಡಲೆಹಿಟ್ಟು, ನಿಂಬೆಹುಳಿ, ಮುಲ್ತಾನಿ ಮಿಟ್ಟಿ ಹಾಕಿ ದಿನಾ ತಿಕ್ಕಿದರೆ ಮುಖ ಬಿಗಿದುಕೊಂಡು ಉರಿಯಲು ಶುರುವಾಗುತ್ತದೆ. ಹಾಗಾಗಿ ಮುಖ ತೊಳೆಯುವ ಹೆಸರುಹಿಟ್ಟು ಮಾಡಲು ಮಿಕ್ಸಿ ತೆಗೆಯುವ ಮೊದಲು ನಿಮ್ಮ ಚರ್ಮ ಯಾವ ಬಗೆಯದು ಅಂತ ನೋಡಿಕೊಳ್ಳಿ.

ನೋಡುವುದು ಸುಲಭ. ರಾತ್ರಿ ಸೆಕೆ ಇಳಿದ ಮೇಲೆ ಬರೀ ನೀರಲ್ಲಿ ಮುಖ ತೊಳೆದು, ಬೈರಾಸಿನಿಂದ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಕೂರಿ. ಕ್ರೀಮು, ಪೌಡರು ಏನೂ ಬೇಡ. ಆಮೇಲೆ ಹಣೆ, ಮೂಗು, ಕೆನ್ನೆಗೆ ಬೇರೆಬೇರೆ ಟಿಶ್ಯೂ ಕಾಗದ ಒತ್ತಿ. ಎಲ್ಲ ಕಾಗದದಲ್ಲೂ ಎಣ್ಣೆ ಕಲೆ ಬಿದ್ದರೆ ಎಣ್ಣೆ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಬಿದ್ದರೆ ಮಿಶ್ರ ಚರ್ಮ. ಎಲ್ಲೂ ಕಲೆ ಇಲ್ಲ, ನಗುವಾಗ ಕೆನ್ನೆ ಎಳೆದಂತೆ ಆಗುತ್ತದೆ ಎಂದಾದರೆ ಒಣ ಚರ್ಮ. ಹೊಸ ಸೋಪು, ಹೊಸ ಕ್ರೀಮು ಹಚ್ಚಿದಾಗೆಲ್ಲ ಕೆಂಪಾಗಿ ತುರಿಸುವವರದ್ದು ಸೂಕ್ಷ್ಮ ಚರ್ಮ. ಅದಕ್ಕೆ ಕಾಗದದ ಪರೀಕ್ಷೆಯೇ ಬೇಡ, ಅವರಿಗೇ ಗೊತ್ತಿರುತ್ತದೆ.

ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4.5ರಿಂದ 5.5. ಮಾಮೂಲಿ ಸ್ನಾನದ ಸೋಪಿನದು 9ರಿಂದ 10. ಸೋಪು ಹಾಕಿದ ಮೇಲೆ ಮುಖ ಬಿಗಿಯುವುದಕ್ಕೆ ಇದೂ ಒಂದು ಕಾರಣ. ಅಡುಗೆ ಸೋಡ ಕೂಡ ಕ್ಷಾರವೇ. ನಿಂಬೆರಸ ಇನ್ನೊಂದು ತುದಿಗೆ, ಪಿಎಚ್ 2ರ ಆಸುಪಾಸಿಗೆ ಹೋಗುತ್ತದೆ. ಹೆಸರುಹಿಟ್ಟಿನಲ್ಲಿ ಇಂಥ ವಿಪರೀತ ಇಲ್ಲ. ಅದರ ಪಿಷ್ಟ ಎಣ್ಣೆಯನ್ನು ಹೀರಿಕೊಂಡು ನೀರಿನ ಜೊತೆ ಹೋಗುತ್ತದೆ. ಕಡಲ ಬದಿಯ ಮನೆಗಳಿಗೆ ಇನ್ನೊಂದು ಅನುಕೂಲವೂ ಇದೆ. ಬೇಸಗೆಯಲ್ಲಿ ಅಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಸೋಪು ನೊರೆ ಬರುವುದಿಲ್ಲ, ಬರೀ ಜಿಡ್ಡು ಉಳಿಯುತ್ತದೆ. ಹಿಟ್ಟಿಗೆ ನೊರೆಯ ಹಂಗಿಲ್ಲ.

ಹಿಟ್ಟು ಮಾಡುವುದು

ಸಿಪ್ಪೆ ಇರುವ ಹಸಿರು ಹೆಸರುಕಾಳು 100 ಗ್ರಾಂ ಸಾಕು. ದಿನಕ್ಕೆ ಒಂದು ಚಮಚದಂತೆ ತಿಂಗಳು ಬರುತ್ತದೆ. ಕಲ್ಲು, ಧೂಳು ಆರಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರುವುದು ಅಂತ ಕೇಳಬೇಡಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಕಾಳು ಕೆಂಪಾಗಬಾರದು. ಪೂರ್ತಿ ತಣಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿ ಇರುವಾಗಲೇ ಹಾಕಿದರೆ ಹಿಟ್ಟು ಬೆವರಿ ಗಂಟಾಗುತ್ತದೆ.

ಇನ್ನು ಜರಡಿ ಹಿಡಿಯುವುದು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಅಡುಗೆಮನೆಯ ಜರಡಿ ಸಾಲದು. ಹಳೆಯ ತೆಳು ಹತ್ತಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ ಸೋಸಿ. ಬೆರಳಿಗೆ ಪೌಡರಿನಷ್ಟು ನಯವಾಗಿ ಸಿಗಬೇಕು. ತರಿ ಉಳಿದರೆ ಅದು ಮುಖವನ್ನು ಗೀರುತ್ತದೆ, ಮೊಡವೆ ಇದ್ದವರಿಗಂತೂ ಒಡೆದು ಗಾಯವಾಗುತ್ತದೆ. ಉಳಿದ ತರಿಯನ್ನು ಮೈ ತಿಕ್ಕಲು ಇಟ್ಟುಕೊಳ್ಳಿ. ಇಷ್ಟೆಲ್ಲ ಆಗದವರು ಅಂಗಡಿಯಲ್ಲಿ ‘ಚೆರುಪಯರ್ ಪೊಡಿ’ (ಹೆಸರುಹಿಟ್ಟಿನ ಮಲಯಾಳ ಹೆಸರು) ಅಂತ ಕೇಳಿದರೆ ಸಿಗುತ್ತದೆ. ಬರೀ ಹೆಸರಿನದ್ದೇ, ಪರಿಮಳ ಹಾಕಿಲ್ಲ ಅಂತ ನೋಡಿ ತನ್ನಿ.

ಹಿಟ್ಟನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ, ಬಚ್ಚಲಿಂದ ಹೊರಗೆ ಇಡಿ. ಒದ್ದೆ ಕೈ ಹಾಕಬೇಡಿ. ನೀರು, ಹಾಲು, ಮಜ್ಜಿಗೆ ಯಾವುದನ್ನೂ ಮೊದಲೇ ಕಲಸಿ ಇಡುವ ಕ್ರಮ ಬೇಡವೇ ಬೇಡ. ಅಂಗಡಿಯ ಫೇಸ್‌ವಾಶ್‌ನಲ್ಲಿ ಕೆಡದಂತೆ ಕಾಯುವ ಮದ್ದು ಇರುತ್ತದೆ, ನಮ್ಮದರಲ್ಲಿ ಇಲ್ಲ. ನೀರು ಬಿದ್ದ ಹಿಟ್ಟಿನಲ್ಲಿ ನಮ್ಮೂರಿನ ಸೆಕೆಗೆ ಬೂಷ್ಟು ಬರಲು ಜಾಸ್ತಿ ಹೊತ್ತು ಬೇಡ. ಒಂದು ಸಲಕ್ಕೆ ಬೇಕಾದಷ್ಟನ್ನು ಅಂಗೈಯಲ್ಲೇ ಕಲಸಿ.

ಯಾರಿಗೆ ಯಾವುದು

ಎಣ್ಣೆ ಚರ್ಮದವರು ಒಂದು ಚಮಚ ಹೆಸರುಹಿಟ್ಟಿಗೆ ಬರೀ ನೀರು ಹಾಕಿ ಕಲಸಿದರೆ ದಿನದ ಮಟ್ಟಿಗೆ ಸಾಕು. ವಾರಕ್ಕೆ ಎರಡು ಸಲ ನಾಲ್ಕು ಪಾಲು ಹಿಟ್ಟಿಗೆ ಒಂದು ಪಾಲು ಮುಲ್ತಾನಿ ಮಿಟ್ಟಿ ಸೇರಿಸಿ, ತೆಳು ಮಜ್ಜಿಗೆಯಲ್ಲಿ ಕಲಸಿ. ಹಚ್ಚಿ, ಎರಡು ನಿಮಿಷದೊಳಗೆ ತೊಳೆಯಿರಿ. ಒಣಗಿ ಬಿರುಕು ಬಿಡುವ ತನಕ ಕಾಯುವುದು ಸುಮ್ನೆ ಚರ್ಮಕ್ಕೆ ಶಿಕ್ಷೆ, ಅಷ್ಟೇ. ಅದರಿಂದ ಕೊಳೆ ಜಾಸ್ತಿ ಹೋಗುವುದೇನಿಲ್ಲ.

ಒಣ ಚರ್ಮಕ್ಕೆ ನಮ್ಮ ತೋಟದಲ್ಲೇ ಮದ್ದಿದೆ. ಆಗ ತಾನೇ ಹಿಂಡಿದ ದಪ್ಪ ಕಾಯಿಹಾಲು ಒಂದು ಚಮಚ, ಹೆಸರುಹಿಟ್ಟು ಒಂದು ಚಮಚ. ಸಾರಿಗೆ ಕಾಯಿ ಕಡೆಯುವ ದಿನ ಒಂದು ಚಮಚ ಹಾಲು ತೆಗೆದಿಟ್ಟರೆ ಆಯಿತು. ತುಂಬ ಒಣಗಿದ್ದರೆ ಹಿಟ್ಟನ್ನೂ ಬಿಟ್ಟು ಬೆಂದ ತೆಂಗಿನೆಣ್ಣೆ ನಾಲ್ಕೈದು ಹನಿ ಹಚ್ಚಿ, ಬೆರಳಿಂದ ಮೆಲ್ಲಗೆ ಉಜ್ಜಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ.

ಬೆಂದ ಎಣ್ಣೆ ಎಂದರೆ ಕಾಯಿಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ ತೆಗೆದದ್ದು. ಚೆನ್ನಾಗಿ ಬಲಿತ ಎರಡು ಕಾಯಿ ತುರಿದು, ಕಡೆದು, ದಪ್ಪ ಹಾಲು ಹಿಂಡಿ. ದಪ್ಪ ತಳದ ಬಾಣಲೆಯಲ್ಲಿ ಕೈಬಿಡದೆ ತಿರುವಿ. ಮೊದಲು ನೀರು ಆರುತ್ತದೆ, ಆಮೇಲೆ ಮೊಸರಿನಂತೆ ಒಡೆಯುತ್ತದೆ, ಕೊನೆಗೆ ಎಣ್ಣೆ ಮೇಲೆ ನಿಂತು ಗಸಿ ಕಂದಾಗುತ್ತದೆ. ಗುಳ್ಳೆ ಬರುವ ಸದ್ದು ನಿಂತಿತು ಎಂದರೆ ನೀರು ಹೋಯಿತು ಅಂತ ಅರ್ಥ. ಆಗಲೇ ಇಳಿಸಿ, ಬಟ್ಟೆಯಲ್ಲಿ ಸೋಸಿ. ನೀರಿನ ಅಂಶ ಉಳಿದರೆ ಎಣ್ಣೆ ಬೇಗ ಕಮಟುತ್ತದೆ. ಗಸಿಯನ್ನು ಬಿಸಾಡಬೇಡಿ, ಬೆಲ್ಲ ಹಾಕಿ ಕೊಟ್ಟರೆ ಮಕ್ಕಳು ಬಿಡುವುದಿಲ್ಲ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಕಾಸರಗೋಡಿನಲ್ಲಿ ಶುರುವಾದ ಕೇಂದ್ರ ಇವತ್ತು ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಇದೇ ಎಣ್ಣೆಯನ್ನು ವರ್ಜಿನ್ ತೆಂಗಿನೆಣ್ಣೆಯಾಗಿ ದೊಡ್ಡ ಪ್ರಮಾಣದಲ್ಲಿ ತೆಗೆಯುವ ಕ್ರಮವನ್ನೂ ಅಲ್ಲಿ ರೂಪಿಸಿದ್ದಾರೆ.

ಆದರೆ ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ಬೇಡ, ಬೆಂದದ್ದೂ ಬೇಡ, ಗಾಣದ್ದೂ ಬೇಡ. ಅದು ರಂಧ್ರ ಕಟ್ಟುತ್ತದೆ. ‘ನಮ್ಮ ಅಜ್ಜಿ ಜೀವಮಾನವಿಡೀ ಹಚ್ಚಿದ್ದರು’ ಎನ್ನುವವರು ಇದ್ದಾರೆ. ಅಜ್ಜಿಗೆ ಮೊಡವೆ ಇರಲಿಲ್ಲ, ಅಲ್ವಾ?

ಮಿಶ್ರ ಚರ್ಮದವರು ಒಂದೇ ಮುಖಕ್ಕೆ ಎರಡು ಕ್ರಮ ಮಾಡಬೇಕು. ಹಣೆ, ಮೂಗಿಗೆ ನೀರಲ್ಲಿ ಕಲಸಿದ ಹಿಟ್ಟು, ಕೆನ್ನೆಗೆ ಕಾಯಿಸಿ ತಣಿಸಿದ ಹಾಲಲ್ಲಿ ಕಲಸಿದ್ದು. ಹಸಿ ಹಾಲು ಬೇಡ, ಅದರಲ್ಲಿ ರೋಗಾಣು ಇರಬಹುದು.

ಸೂಕ್ಷ್ಮ ಚರ್ಮಕ್ಕೆ ಹಿಟ್ಟಿಗಿಂತ ಗೊಂಪು, ಅಂದರೆ ಸೊಪ್ಪು ಕಿವುಚಿ ತೆಗೆದ ಲೋಳೆ, ಒಳ್ಳೆಯದು. ತಲೆಗೆ ಮಾಡುವ ದಾಸವಾಳ ಸೊಪ್ಪಿನ ಗೊಂಪೇ, ಇನ್ನೂ ತೆಳುವಾಗಿ. ಐದಾರು ಎಲೆ ತೊಳೆದು, ಅರ್ಧ ಲೋಟ ನೀರಲ್ಲಿ ಕಿವುಚಿ, ಸೋಸಿ, ಆ ಲೋಳೆಯಲ್ಲಿ ಮುಖ ತೊಳೆಯಿರಿ. ಲೋಳೆಸರವೂ ಆಗುತ್ತದೆ, ಆದರೆ ಕೊಯ್ದ ಎಲೆಯನ್ನು ಕಾಲು ಗಂಟೆ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಹಳದಿ ಸೊನೆ ಇಳಿದುಹೋಗಲಿ, ತುರಿಸುವುದು ಅದೇ. ಆಮೇಲೆ ತೊಳೆದು, ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳು ಮಾತ್ರ ತೆಗೆದುಕೊಳ್ಳಿ.

ಯಾರದ್ದೇ ಚರ್ಮವಾಗಲಿ, ಮೊದಲ ಸಲ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ತೊಳೆದು, ಒಂದು ದಿನ ಬಿಟ್ಟು ನೋಡಿ. ತುರಿಕೆ, ಕೆಂಪು ಕಾಣಿಸಿದರೆ ಮುಖಕ್ಕೆ ಹಾಕಬೇಡಿ.

ಬೇಡದ್ದು ಕೆಲವು

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಅಡುಗೆ ಸೋಡ, ಟೂತ್‌ಪೇಸ್ಟ್, ಸಕ್ಕರೆ ತರಿ ಇವೂ ಬೇಡ. ಅಂಟುವಾಳ, ಸೀಗೆ ತಲೆಗೆ ಸರಿ, ಕಣ್ಣಿಗೆ ಹೋದರೆ ಉರಿ ತಡೆಯಲಾಗದು.

ಅರಿಶಿನ ಬೇಕೇ ಬೇಕು ಎನ್ನುವವರು ಕಸ್ತೂರಿ ಅರಿಶಿನ ಚಿಟಿಕೆಯಷ್ಟು ಹಾಕಬಹುದು. ಆದರೆ ನೋಡಿ ಕೊಳ್ಳಿ. ಅಸಲಿಯ ಗಡ್ಡೆ ಒಳಗೆ ಮಾಸಲು ಕೆನೆ ಬಣ್ಣ, ಕರ್ಪೂರದಂಥ ಪರಿಮಳ. ಕಸ್ತೂರಿ ಅಂತ ಮಾರುವ ಗಾಢ ಹಳದಿ ಪುಡಿ ಎಷ್ಟೋ ಸಲ ಮಂಞಕೂವ ಎಂಬ ಬೇರೆ ಗಡ್ಡೆಯದ್ದಾಗಿರುತ್ತದೆ.

ಗೇರುಬೀಜದ ಕಾಲದಲ್ಲಿ ಇನ್ನೊಂದು ಎಚ್ಚರ. ಬೀಜ ಬೇರ್ಪಡಿಸಲು ಕೂರುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಆ ಕೈಯನ್ನು ಮುಖಕ್ಕೆ ತಾಗಿಸಬೇಡಿ. ಸಿಪ್ಪೆಯ ಸೊನೆ ಮುಖಕ್ಕೆ ಹಾರಿದರೆ ಹೆಸರುಹಿಟ್ಟಿನಿಂದ ತಿಕ್ಕಬಾರದು. ಕೂಡಲೇ ಸೋಪು ಹಾಕಿ ತುಂಬ ನೀರಲ್ಲಿ ತೊಳೆಯಿರಿ. ಸುಟ್ಟ ಜಾಗ ವಾಸಿಯಾಗುವ ತನಕ ಅಲ್ಲಿಗೆ ಮನೆಮದ್ದು ಯಾವುದೂ ಬೇಡ. ಗುಳ್ಳೆ ಎದ್ದರೆ, ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಹೋಗಿ. ನೋಯುವ ಗಟ್ಟಿ ಮೊಡವೆ, ಕೀವು ತುಂಬಿದ ಗುಳ್ಳೆ ಇರುವವರೂ ಹಿಟ್ಟು ಬದಲಿಸುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ.