ಗೆಳೆಯ ಹುಟ್ಟಿಸಿದ ಪ್ರಾಣಿಗೆ ಅಭಿಪ್ರಾಯ ಹೇಳುವುದು ಹೇಗೆ?

ಕಥೆಗೋ ಆಟಕ್ಕೋ ಯಾರಾದರೂ ಒಂದು ಹೊಸ ಪ್ರಾಣಿಯನ್ನೇ ಹುಟ್ಟಿಸಿ, ಅದರ ಚಿತ್ರ, ನಡವಳಿಕೆ, ಗೂಡು ಎಲ್ಲಾ ಬರೆದು 'ಹೇಗಿದೆ ನೋಡು' ಅಂತ ಕಳಿಸಿದರೆ, 'ಸೂಪರ್' ಅಂದು ಸುಮ್ನಾಗಬೇಡಿ. 'ಇಂಥದ್ದು ಎಲ್ಲೂ ಇಲ್ಲ' ಅಂತಲೂ ಹೇಳಬೇಡಿ. ಇಲ್ಲ ಅಂತಲೇ ಅಲ್ವಾ ಅವರು ಹುಟ್ಟಿಸಿದ್ದು! ಆ ಜಾಗದಲ್ಲಿ, ಆ ಕಾಲದಲ್ಲಿ ಅದು ಬದುಕುತ್ತದಾ ಅಂತ ನೋಡಿ.

ವಿಜಯಪುರದ ನಮ್ಮ ಗೆಳೆಯ ಒಬ್ಬ 'ಎರೆಗಪ್ಪ' ಅಂತ ಒಂದು ಪ್ರಾಣಿ ಮಾಡಿದ್ದಾನೆ. ಮುಂಗುಸಿಯಷ್ಟು ಮೈ, ಅಗಲ ಪಂಜ. ಏಪ್ರಿಲ್‌ನಲ್ಲಿ ಎರೆಹೊಲದ, ಅಂದರೆ ಕಪ್ಪುಮಣ್ಣಿನ ಹೊಲದ ನಡುವೆ ಸೊಂಟದೆತ್ತರದ ಮಣ್ಣಿನ ಗೂಡು ಕಟ್ಟುತ್ತದಂತೆ. ಕಲ್ಪನೆ ಚೆನ್ನಾಗಿದೆ. ಆದರೆ ಏಪ್ರಿಲ್‌ನಲ್ಲಿ ಎರೆಹೊಲ ಬಾಯಿ ಬಿಟ್ಟಿರುತ್ತದೆ, ಬಿರುಕಿನೊಳಗೆ ಕೈ ಹೋಗುತ್ತದೆ, ಹಸಿಮಣ್ಣು ಎಲ್ಲಿಂದ ತರುತ್ತದೆ? ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ, ಗೂಡಿನ ಗೋಡೆಯೂ ಹಾಗೇ ಸೀಳಬೇಕಲ್ಲ.

ಇದನ್ನು 'ತಪ್ಪು' ಅನ್ನದೆ ಪ್ರಶ್ನೆ ಮಾಡಿ ಕೇಳಿ: 'ಗೋಡೆ ಸೀಳದ ಹಾಗೆ ಇದು ಮಣ್ಣಿಗೆ ಏನು ಬೆರೆಸುತ್ತೆ?' ನಮ್ಮ ಕಡೆ ಮಣ್ಣಿನ ಗೋಡೆಗೆ ಹೊಟ್ಟು ಹಾಕಿ ತುಳಿಯುತ್ತಾರೆ, ಗೆದ್ದಲು ಮಣ್ಣಿಗೆ ಜೊಲ್ಲು ಬೆರೆಸುತ್ತದೆ. ಹಿಂಗಾರಿ ಜೋಳ ಕೊಯ್ದಾದ ಮೇಲೆ ಹೊಲದಲ್ಲಿ ಬಿದ್ದ ರವದಿಯನ್ನು, ಅಂದರೆ ಒಣಗಿದ ಎಲೆಯನ್ನು, ಎರೆಗಪ್ಪ ಅಗಿದು ಬೆರೆಸಬಹುದು. ಒಂದು ಪ್ರಶ್ನೆಯಿಂದ ಅದರ ಹಲ್ಲು, ಜೊಲ್ಲು, ಗೂಡು ಕಟ್ಟುವ ತಿಂಗಳು ಮೂರೂ ಬದಲಾಗುತ್ತವೆ. ಬದಲಾಯಿಸುವ ಕೆಲಸ ಮಾತ್ರ ಅವನದು, ನೀವು ಕೈ ಹಾಕಬೇಡಿ.

ನಡವಳಿಕೆಗೆ ಬಂದರೆ, ನಿಜವಾದ ಒಂದು ಪ್ರಾಣಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. 'ಗಂಡು ಗೂಡು ಕಟ್ಟುತ್ತದೆ, ಹೆಣ್ಣು ಬರುತ್ತದೆ' ಅಂತ ಬರೆದಿದ್ದರೆ ಗೀಜಗ ಹಕ್ಕಿಯನ್ನು ನೋಡಿದರೆ ಸಾಕು. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗಂಡು ಗೀಜಗ ಹಸಿ ಎಲೆಯ ಅಂಚು ಕಚ್ಚಿ, ಉದ್ದಕ್ಕೆ ಸೀಳಿ ತಂದು ಹೆಣೆಯುತ್ತದೆ. ಒಣಗಿದ ಎಲೆ ಹೆಣೆಯಲು ಬಗ್ಗುವುದಿಲ್ಲ, ಅದಕ್ಕೇ ಮಳೆಗಾಲ. ಗೂಡು ಅರ್ಧ ಆಗಿ ಹೆಲ್ಮೆಟ್ ಆಕಾರಕ್ಕೆ ಬಂದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಗಂಡು ಕೆಳಗಿನ ಕೊಳವೆ ಮುಗಿಸುತ್ತದೆ, ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದು ಶುರು ಮಾಡಬೇಕಾಗುತ್ತದೆ. ಹಾಗಾಗಿ ಎರೆಗಪ್ಪನ ಹೆಣ್ಣು ಬೇಡ ಅಂದರೆ ಏನಾಗುತ್ತದೆ ಅಂತ ಕೇಳಿ. ಖಾನಾಪುರದ ಕಾಡಿನ ಮಂಗಟ್ಟೆ ಹಕ್ಕಿಯ ಹಾಗೆ ಹೆಣ್ಣು ಗೂಡಿನೊಳಗೇ ಕೂರುವುದಾದರೆ, ಊಟ ತರುವವರು ಯಾರು ಅಂತಲೂ ಕೇಳಿ.

ಬಣ್ಣ, ಹೆಸರು ಕೊನೆಗೆ. ಚೆನ್ನಾಗಿರುವ ಒಂದನ್ನು ಬೊಟ್ಟು ಮಾಡಿ ಹೇಳಿ, ಅಗಲ ಪಂಜ ಅಗೆಯಲು ಸರಿ ಇದೆ ಅಂತ. ಒಂದೇ ಸಲಕ್ಕೆ ಎರಡು ಮೂರು ಪ್ರಶ್ನೆಗಿಂತ ಜಾಸ್ತಿ ಬೇಡ, ಹತ್ತು ಕಳಿಸಿದರೆ ಯಾರಾದರೂ ಕಡತ ಮುಚ್ಚಿ ಮಲಗುತ್ತಾರೆ. ಉತ್ತರ ಬಂದ ಮೇಲೆ ಮುಂದಿನದು ಕೇಳಿ: ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದಾಗ ಮರಿಗಳು ಇನ್ನೂ ಗೂಡಿನೊಳಗೆ ಇರುತ್ತವಾ, ಹೊರಗೆ ಬಂದಿರುತ್ತವಾ?